ವಿಜಯಪುರದ ನೆಲದಲ್ಲಿ ಮಾಯೆಯ ಕಾದಂಬರಿ ಕಟ್ಟುವುದು ಹೇಗೆ?

ಹದಿಹರೆಯದವರಿಗೆ ಫ್ಯಾಂಟಸಿ ಕಾದಂಬರಿ ಬರೆಯಬೇಕು ಅಂತ ಕೂತವರು ಸಾಮಾನ್ಯವಾಗಿ ಮೊದಲು ನಕಾಶೆ ಬಿಡಿಸುತ್ತಾರೆ. ಏಳು ರಾಜ್ಯ, ಮೂರು ಪರ್ವತ, ಶಾಪ ತಟ್ಟಿದ ಒಂದು ಕಾಡು. ರಾಜರಿಗೆಲ್ಲ ನಾಲ್ಕು ತಲೆಮಾರಿನ ವಂಶಾವಳಿ. ಮೂರನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ನೋಟ್‌ಬುಕ್ ತುಂಬಿರುತ್ತದೆ, ಕಥೆ ಮಾತ್ರ ಇದ್ದಲ್ಲೇ ಇರುತ್ತದೆ. ನಕಾಶೆ ಆಮೇಲೆ ಬಿಡಿಸಿದರಾಯಿತು. ವಿಜಯಪುರ, ಇಂಡಿ, ಸಿಂದಗಿ ಕಡೆಯವರಿಗಂತೂ ಅದರ ಚಿಂತೆಯೇ ಬೇಡ. ಗುಮ್ಮಟ, ಬುರುಜು, ಬಾವಡಿ ಎಲ್ಲ ಕಣ್ಣೆದುರೇ ಇವೆ.

ಗೆಳೆತನ ಮತ್ತು ಮಾಯೆ ವಸ್ತುವಾಗಿರುವ ಒಂದು ಕಾದಂಬರಿಯನ್ನು ಇಲ್ಲಿ ಬುಡದಿಂದ ಕಟ್ಟುತ್ತಾ ಹೋಗೋಣ. ನಿಮ್ಮ ಕಥೆ ಬೇರೆ ಇರಬಹುದು. ಆದರೆ ಒಂದು ಮಾತು ತಲೆಯಲ್ಲಿರಲಿ: ಮಾಯೆಗೆ ಬೆಲೆ ಇರಬೇಕು, ಆ ಬೆಲೆಯನ್ನು ಗೆಳೆತನವೇ ತೆರಬೇಕು. ಮಾಯೆ ಒಂದು ಕಡೆ, ಗೆಳೆತನ ಒಂದು ಕಡೆ ನಡೆಯುವ ಕಾದಂಬರಿಗಳನ್ನು ಮಕ್ಕಳು ಅರ್ಧಕ್ಕೇ ಬಿಡುತ್ತಾರೆ.

ಹೆಜ್ಜೆ 1: ಮೊದಲು ಜಗಳ ಬರೆಯಿರಿ

ಪಾತ್ರಗಳ ಬಣ್ಣ, ಎತ್ತರ, ಇಷ್ಟದ ತಿಂಡಿ ಅಂತ ಪಟ್ಟಿ ಮಾಡಬೇಡಿ. ಇಬ್ಬರು ಗೆಳತಿಯರು ಯಾವ ಕಾರಣಕ್ಕೆ ಮಾತು ಬಿಡುತ್ತಾರೆ ಅನ್ನುವುದನ್ನು ಎರಡು ಪುಟದಲ್ಲಿ ಬರೆಯಿರಿ. ಅವರು ಯಾರು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ನಮ್ಮ ಕಥೆಯಲ್ಲಿ ಸಾವಿತ್ರಿ ಮತ್ತು ನಸೀಮಾ ಇರಲಿ. ಇಬ್ಬರೂ ಒಂಬತ್ತನೇ ಕ್ಲಾಸು. ಸಾವಿತ್ರಿಯ ಮನೆಯವರದು ಇಂಡಿ ಹತ್ತಿರ ಲಿಂಬೆ ತೋಟ. ಬೆಳೆ ಕೈಕೊಟ್ಟ ಮೇಲೆ ಅಪ್ಪ ದುಡಿಯಲು ಪುಣೆಗೆ ಹೋಗಿದ್ದಾನೆ, ಅವಳು ವಿಜಯಪುರದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಾಳೆ. ನಸೀಮಾಳ ಅಬ್ಬಾ ಟಾಂಗಾ ಹೊಡೆಯುತ್ತಾನೆ. ಪ್ರವಾಸಿಗರನ್ನು ಇಬ್ರಾಹಿಂ ರೋಜಾಕ್ಕೂ ಬಾರಾ ಕಮಾನಿಗೂ ಸುತ್ತಾಡಿಸುವ ಕೆಲಸ. ಒಬ್ಬಳಿಗೆ ಮನೆಯಲ್ಲಿ ಮಾತಾಡುವವರಿಲ್ಲ. ಇನ್ನೊಬ್ಬಳ ಮನೆಯಲ್ಲಿ ಮಾತು ಜಾಸ್ತಿ, ಕೇಳುವವರಿಲ್ಲ. ಗೆಳೆತನ ಹುಟ್ಟುವುದು ಇಂಥ ಕಡೆಯೇ. ಒಬ್ಬರಿಗೆ ಮನೆಯಲ್ಲಿ ಸಿಗದ್ದು ಇನ್ನೊಬ್ಬರ ಹತ್ತಿರ ಸಿಗಬೇಕು.

ಮೂರನೆಯವನೊಬ್ಬ ಬೇಕೇ ಬೇಕು. ಈರಣ್ಣ ಅಂತಿಟ್ಟುಕೊಳ್ಳಿ, ಎಲ್ಲರ ಬಾಯಲ್ಲಿ ಈರ್ಯಾ. ಸದ್ಯಕ್ಕೆ ಅವನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ. ಮುಂದೆ ಅವನಿಗೆ ದೊಡ್ಡ ಕೆಲಸವಿದೆ.

ಪಾತ್ರ ಗಟ್ಟಿಯಾಗುವುದು ಸಣ್ಣ ವಿವರದಿಂದ. ಮೂರು ದಾರಿ ಕೂಡುವಲ್ಲಿ ಕುಂಕುಮ ಹಚ್ಚಿದ ಲಿಂಬೆಹಣ್ಣು ಬಿದ್ದಿದ್ದರೆ ಓಣಿಯವರೆಲ್ಲ ಸುತ್ತು ಹಾಕಿ ಹೋಗುತ್ತಾರೆ. ಸಾವಿತ್ರಿ ಬಗ್ಗಿ ನೋಡಿ, "ಎರಡನೇ ನಂಬರ್ ಮಾಲು, ಚೀಲಕ್ಕ ಐವತ್ತು ರೂಪಾಯಿ ಕಡಿಮಿ" ಅನ್ನುತ್ತಾಳೆ. ಇಷ್ಟು ಸಾಕು. ಅವಳ ಮನೆತನ, ಧೈರ್ಯ, ನಾಲಿಗೆ ಮೂರೂ ಬಂದುಬಿಟ್ಟವು.

ಗೆಳೆತನದ ಬಗ್ಗೆ ಬರೆಯಲು ಈ ಜಿಲ್ಲೆಗಿಂತ ಒಳ್ಳೆಯ ಜಾಗ ಇಲ್ಲ ಅಂತ ನನ್ನ ಅಭಿಪ್ರಾಯ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರನ್ನು ಇದೇ ಜಿಲ್ಲೆಯ ಹಲಸಂಗಿ ಊರಿನ ಹೆಸರು ಹಿಡಿದು ಕನ್ನಡ ಸಾಹಿತ್ಯ ಇವತ್ತಿಗೂ ಕರೆಯುವುದು 'ಹಲಸಂಗಿ ಗೆಳೆಯರು' ಅಂತಲೇ. ಹಳ್ಳಿಯ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ಹಾಡುಗಳನ್ನು ಬರೆದಿಟ್ಟುಕೊಂಡವರು ಅವರು. ಸಂಘ ಅಲ್ಲ, ಪೀಠ ಅಲ್ಲ, ಬರೀ ಗೆಳೆಯರು.

ಹೆಜ್ಜೆ 2: ಮಾಯೆಗೆ ಒಂದು ನಿಯಮ, ಒಂದು ಬೆಲೆ

ಇಲ್ಲಿ ಅವಸರ ಮಾಡಬೇಡಿ. ಕಾದಂಬರಿ ಉಳಿಯುವುದೂ ಮುಳುಗುವುದೂ ಈ ಹೆಜ್ಜೆಯಲ್ಲೇ.

ಮಾಯೆಯನ್ನು ಊರಿನಲ್ಲಿ ಈಗಾಗಲೇ ಇರುವ ಒಂದು ಅಚ್ಚರಿಯಿಂದ ತೆಗೆಯಿರಿ. ಮೊಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಗೋಳಗುಮ್ಮಟ ಮುಗಿದದ್ದು 1656ರಲ್ಲಿ. ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಮೇಲಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿದರೆ, ಎದುರು ಬದಿಯಲ್ಲಿ ಗೋಡೆಗೆ ಕಿವಿ ಕೊಟ್ಟವರಿಗೆ ಅದು ಪಕ್ಕದಲ್ಲೇ ನಿಂತು ಹೇಳಿದಂತೆ ಕೇಳುತ್ತದೆ. ಬಾಗಿದ ಗೋಡೆಯನ್ನು ಹಿಡಿದುಕೊಂಡೇ ಶಬ್ದ ಸುತ್ತಿ ಬರುತ್ತದೆ, ಅದಕ್ಕೆ ಹಾಗೆ. ಕೂಗಿದರೆ ಏಳು ಸಲ ಮರುದನಿ ಬರುತ್ತದೆ ಅಂತ ಜನ ಹೇಳುತ್ತಾರೆ.

ಇದರಲ್ಲಿ ಕಾದಂಬರಿಕಾರರಿಗೆ ಬೇಕಾದದ್ದು ಒಂದೇ ಸಂಗತಿ. ಪಿಸುಮಾತಿನ ಈ ಆಟ ಒಬ್ಬರಿಂದ ಆಗುವುದಿಲ್ಲ. ಒಬ್ಬರು ಹೇಳಬೇಕು, ಒಬ್ಬರು ಕಿವಿಗೊಡಬೇಕು. ಅಂದರೆ ಗೆಳೆತನ ಕಟ್ಟಡದಲ್ಲೇ ಇದೆ. ನಿಯಮ ಹೀಗಿರಲಿ: ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ, ಬೇರೆ ಯಾವ ದನಿಯೂ ಬೀಳುವ ಮೊದಲು, ಒಬ್ಬಳು ಗೋಡೆಗೆ ಹೇಳಿದ್ದನ್ನು ಇನ್ನೊಬ್ಬಳು ಕೇಳಿಸಿಕೊಂಡರೆ ಅದು ನಿಜವಾಗುತ್ತದೆ.

ಇನ್ನು ಬೆಲೆ. ರಕ್ತ, ಆಯಸ್ಸು, ನೆನಪು ಎಲ್ಲ ಬಳಸಿ ಸವೆದಿವೆ. ನಮ್ಮ ಕಥೆಯಲ್ಲಿ ಹೀಗೆ ಮಾಡೋಣ: ಮಾತು ನಿಜವಾದ ಮೇಲೆ, ಕೇಳಿದವಳಿಗೆ ಹೇಳಿದವಳ ದನಿ ಒಂದು ದಿನ ಕೇಳಿಸುವುದಿಲ್ಲ. ಉಳಿದವರ ದನಿ ಎಲ್ಲ ಕೇಳುತ್ತದೆ, ಅವಳದೊಂದು ಬಿಟ್ಟು. ಎರಡನೇ ಸಲ 2 ದಿನ. ಮೂರನೇ ಸಲ 4. ಹೀಗೆ ದುಪ್ಪಟ್ಟು. ಮರುದನಿ ಏಳು ಅಂತ ನಂಬಿಕೆ ಇರುವುದರಿಂದ ಮಾಯೆಯೂ ಏಳೇ ಸಲ. ಏಳನೆಯದಕ್ಕೆ 64 ದಿನ. ಒಟ್ಟು 127 ದಿನದ ಮೌನ.

ನಿಯಮ ಬರೆದ ಮೇಲೆ ಹದಿನಾಲ್ಕು ವರ್ಷದ ಚೂಟಿ ಓದುಗನೊಬ್ಬ ಎದುರು ಕೂತಿದ್ದಾನೆ ಅಂದುಕೊಳ್ಳಿ. ಅವನ ಮೊದಲ ಪ್ರಶ್ನೆ ಗೊತ್ತಲ್ಲ: "ಫೋನ್ ಇಲ್ವಾ?" ಫೋನಿನಲ್ಲೂ ದನಿ ಕೇಳುವುದಿಲ್ಲ ಅಂತ ಬರೆದುಬಿಡಬಹುದು. ಆದರೆ ಮೆಸೇಜು? ಓದಲು ಕಣ್ಣು ಇದೆಯಲ್ಲ!

ಇಂಥ ತೂತು ಕಂಡಾಗ ಅನೇಕರು ಗಡಿಬಿಡಿಯಿಂದ ಇನ್ನೊಂದು ನಿಯಮ ಸೇರಿಸಿ ಮುಚ್ಚುತ್ತಾರೆ. ಮುಚ್ಚಬೇಡಿ. ಪಾತ್ರಗಳು ಆ ತೂತಿನಿಂದಲೇ ನುಸುಳಲಿ. ಗೆಳತಿಯರು ಮೆಸೇಜಿನಲ್ಲೇ ಮಾತು ನಡೆಸಲಿ. ಸಾವಿತ್ರಿ ಕಳಿಸುತ್ತಾಳೆ, "ನಾಳೆ ಬರ್ತೀಯೇನ?" ನಸೀಮಾ ಉತ್ತರಿಸುತ್ತಾಳೆ, "ನೋಡೂಣು." ನಗುತ್ತಾ ಹೇಳಿದ 'ನೋಡೂಣು' ಅಂದರೆ ಬಂದೇ ಬರುತ್ತೇನೆ ಅಂತ. ಮುಖ ತಿರುಗಿಸಿ ಹೇಳಿದ್ದಾದರೆ ಬರುವುದಿಲ್ಲ ಅಂತ. ತೆರೆಯ ಮೇಲೆ ಎರಡೂ ಒಂದೇ. ಜಗಳಕ್ಕೆ ಇದಕ್ಕಿಂತ ಒಳ್ಳೆಯ ಬೀಜ ಬೇಕಾ? ಹದಿಹರೆಯದವರು ದಿನವೂ ಅನುಭವಿಸುವ ಸಂಕಟವೇ ಇದು, ಮಾಯೆ ಅದನ್ನು ಹಿಗ್ಗಿಸಿ ತೋರಿಸುತ್ತದೆ ಅಷ್ಟೇ.

ಎರಡನೇ ಪ್ರಶ್ನೆ: ಮಾಯೆಗೆ ಏನು ಆಗುವುದಿಲ್ಲ? ಮೊಗಸಾಲೆಯಿಂದ ಹೊರಗಿನ ತಾರಸಿಗೆ ಬಂದರೆ ಊರು, ಹೊಲ ಎಲ್ಲ ಕಾಣುತ್ತದೆ. ಅಲ್ಲಿಂದ ಕಣ್ಣಿಗೆ ಬೀಳುವಷ್ಟು ದೂರಕ್ಕೆ ಮಾತ್ರ ಮಾಯೆ ಮುಟ್ಟಲಿ. ಆಗ ಪುಣೆಯಲ್ಲಿರುವ ಅಪ್ಪ ಅದರ ಕೈಗೆ ಸಿಗುವುದಿಲ್ಲ. ಸಾವಿತ್ರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದೇ ಅವಳಿಗೆ ಸಿಗದು. ಮಿತಿಯನ್ನು ಯಾವಾಗಲೂ ಪಾತ್ರದ ದೊಡ್ಡ ಆಸೆಗೆ ಒಂದು ಗೇಣು ಮೊದಲೇ ನಿಲ್ಲಿಸಿ.

ಮೂರನೇ ಪ್ರಶ್ನೆ: ದೊಡ್ಡವರಿಗೆ ಇದು ಯಾಕೆ ಗೊತ್ತಾಗಿಲ್ಲ? ಉತ್ತರ ಸುಲಭ. ದೊಡ್ಡವರು ಗುಮ್ಮಟಕ್ಕೆ ಬಂದರೆ ಕೂಗುತ್ತಾರೆ.

ಹೆಜ್ಜೆ 3: ನಡುವೆ ನಿಂತವನಿಗೆ ಕೆಲಸ ಕೊಡಿ

ಕಪ್ಪು ನಿಲುವಂಗಿಯ ಖಳ ಬೇಡ. ಈರ್ಯಾ ಇದ್ದಾನಲ್ಲ. ಅವನಿಗೆ ಇಬ್ಬರ ದನಿಯೂ ಕೇಳುತ್ತದೆ. ಮೌನದ ದಿನಗಳಲ್ಲಿ ಒಬ್ಬಳ ಮಾತನ್ನು ಇನ್ನೊಬ್ಬಳಿಗೆ ಮುಟ್ಟಿಸುವವನು ಅವನೇ. ಇಷ್ಟು ದಿನ ಯಾರಿಗೂ ಬೇಡವಾಗಿದ್ದ ಹುಡುಗ ಒಮ್ಮೆಲೇ ಇಬ್ಬರಿಗೂ ಬೇಕಾಗುತ್ತಾನೆ. ಅದರ ರುಚಿ ಹತ್ತುತ್ತದೆ.

ಸಾವಿತ್ರಿ ಹೇಳುತ್ತಾಳೆ, "ಸಿಟ್ಟಿಲ್ಲ ಅಂತ ಹೇಳು ಅಕಿಗೆ."

ಈರ್ಯಾ ನಸೀಮಾಳ ಹತ್ತಿರ ಹೋಗಿ, "ಸಿಟ್ಟೇನೂ ಇಲ್ಲಂತ. ಖರೇ, ಮಾತಾಡೂ ಮನಸ್ಸಿಲ್ಲಂತ" ಅನ್ನುತ್ತಾನೆ.

ಸೇರಿಸಿದ್ದು ಅರ್ಧ ವಾಕ್ಯ. ಈ ಅರ್ಧ ವಾಕ್ಯಕ್ಕೆ ಒಂದು ಇಡೀ ಅಧ್ಯಾಯ ಕೊಡಿ. ಹೇಳುವ ಮೊದಲು ಅವನು ಏನು ಯೋಚಿಸಿದ, ಹೇಳಿದ ಮೇಲೆ ಎಲ್ಲಿಗೆ ಹೋದ, ರಾತ್ರಿ ಊಟ ಸೇರಿತೋ ಇಲ್ಲವೋ. ಓದುಗರು ಅವನನ್ನು ಬೈಯಬೇಕು, ಜೊತೆಗೆ ತಮ್ಮಲ್ಲೂ ಒಬ್ಬ ಈರ್ಯಾ ಇದ್ದಾನೆ ಅಂತ ಒಳಗೊಳಗೇ ಒಪ್ಪಬೇಕು.

ಇನ್ನೊಂದು ಎಚ್ಚರಿಕೆ. ಭಾನಾಮತಿ, ಮಾಟದ ಕಥೆಗಳು ನಮ್ಮ ಕಡೆ ಬೇಕಾದಷ್ಟಿವೆ. ಹಾಗಂತ ಊರಾಚೆಯ ಒಂಟಿ ಮುದುಕಿಯನ್ನು ಮಾಟಗಾತಿ ಮಾಡಬೇಡಿ. ಅಂಥ ಅನುಮಾನಕ್ಕೆ ನಿಜವಾದ ಹೆಂಗಸರು ಏಟು ತಿಂದಿದ್ದಾರೆ. ಅಮಾನವೀಯ ಆಚರಣೆ ಮತ್ತು ವಾಮಾಚಾರ ತಡೆಯಲು 2017ರಲ್ಲಿ ರಾಜ್ಯ ಕಾಯ್ದೆಯನ್ನೇ ತಂದಿದೆ. ಮಾಯೆಯ ಕಥೆಯಲ್ಲಿ ಅನುಮಾನದ ಕಥೆಯೂ ಬರಲಿ, ಆದರೆ ಮುದುಕಿಯ ಪರವಾಗಿ ಬರಲಿ.

ಹೆಜ್ಜೆ 4: ಪಂಚಾಂಗ ಎದುರಿಗಿಟ್ಟುಕೊಂಡು ಕಥೆ ಹೊಂದಿಸಿ

127 ದಿನದ ಮೌನವನ್ನು ಎಲ್ಲಿ ಕೂರಿಸುವುದು? ಇಲ್ಲಿ ಹಬ್ಬಗಳು ನೆರವಿಗೆ ಬರುತ್ತವೆ. ಮಣ್ಣೆತ್ತಿನ ಅಮಾವಾಸ್ಯೆಗೆ ಕಥೆ ಶುರುವಾಗಲಿ. ಎಳ್ಳ ಅಮಾವಾಸ್ಯೆಗೆ ಮುಗಿಯಲಿ. ಅಧಿಕ ಮಾಸ ಬರದ ವರ್ಷದಲ್ಲಿ ಈ ಎರಡರ ನಡುವೆ ಆರು ಚಾಂದ್ರಮಾಸ, ಅಂದರೆ ಸುಮಾರು 177 ದಿನ. ಅದರಲ್ಲಿ 127 ದಿನ ಮೌನ ಹೋದರೆ ಗೆಳತಿಯರಿಗೆ ಮಾತಾಡಲು ಉಳಿಯುವುದು 50 ದಿನ. ಈ 50ನ್ನು ಏಳು ಮೌನಗಳ ನಡುವೆ ಹೇಗೆ ಹಂಚುತ್ತೀರಿ ಅನ್ನುವುದೇ ನಿಮ್ಮ ಕಥೆಯ ಅಸ್ಥಿಪಂಜರ. ಗೋಡೆಗೆ ಕ್ಯಾಲೆಂಡರ್ ಹಾಕಿ, ಮೌನದ ದಿನಗಳಿಗೆ ಕೆಂಪು ಪೆನ್ನಿನಿಂದ ಗೆರೆ ಎಳೆಯಿರಿ.

ಮೊದಲ ಮೂರು ಸಲ ಸಣ್ಣ ಆಸೆಗಳು. ಕಳೆದುಹೋದ ಪಾಸು ಸಿಗಲಿ, ಟಾಂಗಾದ ಕುದುರೆಯ ಕಾಲುನೋವು ಹೋಗಲಿ, ಇಂಥವು. ಒಂದು, ಎರಡು, ನಾಲ್ಕು ದಿನ ತಾನೇ ಅಂತ ನಗುತ್ತಾರೆ. ನಾಲ್ಕು ಮತ್ತು ಐದರಲ್ಲಿ ನಗು ನಿಲ್ಲುತ್ತದೆ. ಆರನೆಯದು 32 ದಿನದ್ದು. ಅದರ ನಡುವೆ ಬನ್ನಿ ಹಬ್ಬ ಬೀಳುವಂತೆ ನೋಡಿಕೊಳ್ಳಿ.

ಯಾಕೆ ಅಂದರೆ, ದಸರೆಯ ದಿನ ನಮ್ಮ ಕಡೆ ಬನ್ನಿ ಎಲೆ ಕೈಗಿಟ್ಟು, "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು" ಅನ್ನುತ್ತಾರೆ. ವರ್ಷದ ಮುನಿಸು ಅವತ್ತಿಗೆ ಮುಗಿಯುತ್ತದೆ. ಸಾವಿತ್ರಿ ಬನ್ನಿ ಕೊಡುತ್ತಾಳೆ. ತುಟಿ ಅಲ್ಲಾಡುತ್ತದೆ. ನಸೀಮಾಗೆ ಮಾತು ಗೊತ್ತು, ಪ್ರತಿ ವರ್ಷ ಕೇಳಿದ್ದಾಳೆ. ಈ ಸಲ ಅವಳಿಗೆ ಕೇಳುವುದು ಪಕ್ಕದ ಮನೆಯ ಟೀವಿ, ಕುದುರೆಯ ಗೊರಸು, ಹಿಂದೆ ನಿಂತ ಈರ್ಯಾನ ಕೆಮ್ಮು. ಈ ದೃಶ್ಯಕ್ಕೆ ವಿಶೇಷಣ ಬೇಡ, ಕಣ್ಣೀರೂ ಬೇಡ. ಶಬ್ದಗಳನ್ನಷ್ಟೇ ಬರೆಯಿರಿ.

ಏಳನೆಯ ಮಾತು ಏನು ಅನ್ನುವುದನ್ನು ಬರೆಯಲು ಕೂರುವ ಮೊದಲೇ ತೀರ್ಮಾನಿಸಿ. ಅದನ್ನು ಆಡುತ್ತಾರೋ ಇಲ್ಲವೋ ಅನ್ನುವುದು ಬೇಕಾದರೆ ಆಮೇಲೆ. ಆಡದೇ ಬಿಟ್ಟರೆ ಲೆಕ್ಕ ಬದಲಾಗುತ್ತದೆ, 64 ದಿನ ಕೈಗೆ ಉಳಿಯುತ್ತದೆ. ಆಗ ಕಥೆ ದೀಪಾವಳಿ ಆಸುಪಾಸಿಗೇ ಮುಗಿಯಬೇಕಾದೀತು.

ಹೆಜ್ಜೆ 5: ಜಾಗಕ್ಕೆ ಹೋಗಿ ನೋಡಿ

ಫೋಟೊ ನೋಡಿ ಬರೆದದ್ದು ಗೊತ್ತಾಗಿಬಿಡುತ್ತದೆ. ಗುಮ್ಮಟಕ್ಕೆ ಬೆಳಿಗ್ಗೆ ಬೇಗ ಹೋಗಿ. ಶಾಲೆ ಪ್ರವಾಸದ ಬಸ್ಸು ಬಂದ ಮೇಲೆ ಪಿಸುಮಾತು ಕೇಳುವುದಿಲ್ಲ, ಬರೀ ಕೂಗಾಟ. ಮೂಲೆಯ ಗೋಪುರದೊಳಗಿನ ಮೆಟ್ಟಿಲು ಇಕ್ಕಟ್ಟು. ಹತ್ತುವಾಗ ಉಸಿರು ಎಲ್ಲಿ ಕಟ್ಟಿತು ಅಂತ ಬರೆದುಕೊಳ್ಳಿ. ಗುಮ್ಮಟ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ, ಹಾಗಾಗಿ ಪಾತ್ರಗಳು ಗೋಡೆಯ ಮೇಲೆ ಹೆಸರು ಕೆತ್ತುವುದು, ರಾತ್ರಿ ಬೇಲಿ ಹಾರುವುದು ಬೇಡ. ಅಂದಹಾಗೆ, ಇಂಥ ಸ್ಮಾರಕಗಳಲ್ಲಿ 15 ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಕಥೆಯ ನಡುವೆ ಒಬ್ಬಳಿಗೆ ಆ ವಯಸ್ಸು ದಾಟಿಬಿಟ್ಟರೆ? ಮಾಯೆಗೆ ಟಿಕೆಟ್ ದುಡ್ಡು ಹೊಂದಿಸುವ ಫಜೀತಿ ಒಂದು ಅಧ್ಯಾಯಕ್ಕೆ ಸಾಕು.

ಗುಮ್ಮಟ ಒಂದಕ್ಕೇ ಅಂಟಿಕೊಳ್ಳಬೇಡಿ. ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು. ಅದರ ಬಾಯಿ ಸಿಂಹದ ಬಾಯಿಯಂತಿದೆ, ಹಲ್ಲುಗಳ ನಡುವೆ ಆನೆ ಸಿಕ್ಕಿಕೊಂಡಿದೆ. ಎರಡನೇ ಅಲಿ ಆದಿಲ್ ಶಾಹನ ಬಾರಾ ಕಮಾನು ಮುಗಿಯದೇ ನಿಂತ ಸಮಾಧಿ. ಗೆಳತಿಯರು ಮುನಿಸಿಕೊಂಡು ಕೂರಲು ಅದಕ್ಕಿಂತ ಒಳ್ಳೆಯ ಜಾಗ ಸಿಗದು. ತೊರವಿ ಕಡೆಯಿಂದ ಊರಿಗೆ ನೀರು ತರುತ್ತಿದ್ದ ನೆಲದಡಿಯ ಸುರಂಗ ಕಾಲುವೆ ಇನ್ನೊಂದು ಖಜಾನೆ. ನೆಲದ ಇಳಿಜಾರಿನಲ್ಲೇ ನೀರು ಹರಿದು ಬರುವಂತೆ ಕಟ್ಟಿದ್ದರು. ಗಾಳಿಗೆ, ಹೂಳು ತೆಗೆಯಲು ಅಲ್ಲಲ್ಲಿ ಬಾವಿಯಂಥ ಕಿಂಡಿಗಳು. ಹೊಲದ ನಡುವಿನ ಒಂದು ಕಿಂಡಿಯಲ್ಲಿ ಆಡಿದ ಮಾತು ಇನ್ನೊಂದರಲ್ಲಿ ಕೇಳಿದರೆ ಅಂತ ಯೋಚಿಸಿ ನೋಡಿ. ಸುಮ್ನೆ ಹೇಳಿದೆ.

ಇತಿಹಾಸ ತರುವುದಾದರೆ ಒಂದು ಕಾಲ ಹಿಡಿದುಕೊಳ್ಳಿ. ಸಂಗೀತದ ಹುಚ್ಚಿದ್ದ ಎರಡನೇ ಇಬ್ರಾಹಿಂ ಆದಿಲ್ ಶಾಹ ಆಳಿದ್ದು 1580ರಿಂದ 1627ರವರೆಗೆ. ಅವನ ಕಾಲದಲ್ಲಿ ಗೋಳಗುಮ್ಮಟ ಇರಲಿಲ್ಲ. ಇಂಥ ಎಡವಟ್ಟನ್ನು ಊರಿನ ಮಕ್ಕಳು ಮೊದಲು ಹಿಡಿಯುತ್ತಾರೆ.

ಹೆಜ್ಜೆ 6: ಯಾರು ಹೇಗೆ ಮಾತಾಡುತ್ತಾರೆ

ನಿರೂಪಣೆ ಎಲ್ಲರಿಗೂ ಓದಲು ಬರುವ ಕನ್ನಡದಲ್ಲಿರಲಿ, ಮಾತು ಊರಿನದಿರಲಿ. "ನೀನು ನನಗೆ ಮೋಸ ಮಾಡಿರುವೆ" ಅಂತ ವಿಜಯಪುರದ ಹುಡುಗಿ ಯಾವತ್ತೂ ಹೇಳುವುದಿಲ್ಲ. "ಹಿಂಗ ಮಾಡೂದೇನ ನೀ?" ಅನ್ನುತ್ತಾಳೆ, ಆಮೇಲೆ ಎದ್ದು ಹೋಗುತ್ತಾಳೆ. ಹಿರಿಯರಿಗೆ 'ರಿ' ಬಿಡಬೇಡಿ. ನಸೀಮಾ ಮನೆಯಲ್ಲಿ ಅಮ್ಮಿ, ಅಬ್ಬಾ ಅಂತಾಳೆ, ಸಾವಿತ್ರಿಯ ಆಯಿಗೆ ಆಯಿ ಅಂತಲೇ ಕರೆಯುತ್ತಾಳೆ. ಪ್ರತಿ ಸಾಲಿಗೂ ಆಡುಮಾತನ್ನು ಮೆತ್ತಬೇಡಿ, ಮೈಸೂರಿನ ಓದುಗರೂ ನಿಮ್ಮವರೇ. ಮಾತಿನ ಕೊನೆ ಮತ್ತು ಲಯ ಹಿಡಿದರೆ ಉಪ್ಪಿನಷ್ಟೇ ಹಾಕಿದರೂ ರುಚಿ ಬರುತ್ತದೆ.

ಮಂತ್ರಕ್ಕೆ ಗಟ್ಟಿ ಸಂಸ್ಕೃತ ಬೇಕಿಲ್ಲ. ಒಡಪು ಸಾಕು. "ಬಾಯಿಲ್ಲ, ಮಾತಾಡತೈತಿ. ಕಾಲಿಲ್ಲ, ಸುತ್ತಿ ಬರತೈತಿ. ಯಾರು?" ಇಂಥದ್ದು ನೀವೇ ಕಟ್ಟಿ. ಹಳೆಯ ಒಡಪುಗಳನ್ನು ಅಜ್ಜಿಯರ ಬಾಯಿಂದ ಕೇಳಿಕೊಳ್ಳಿ. ಮನೆತನದ ಹೆಸರುಗಳನ್ನು ತಲೆಮಾರುಗಟ್ಟಲೆ ಒಪ್ಪಿಸುವ ಹೆಳವರು, ನಸುಕಿನಲ್ಲಿ ಬರುವ ಬುಡಬುಡಕಿಯವರು ಇವರನ್ನೂ ತರಬಹುದು, ಆದರೆ ಅಲಂಕಾರಕ್ಕೆ ಬೇಡ. ಗುಮ್ಮಟದ ಗುಟ್ಟು ಹಿಂದೆ ಯಾರಿಗೆ ತಿಳಿದಿತ್ತು ಅನ್ನುವುದನ್ನು ಹೆಳವನೇ ಹೇಳಲಿ. ಆಗ ಅವನು ಕಥೆಗೆ ಬೇಕಾದವನಾಗುತ್ತಾನೆ.

ಹೆಜ್ಜೆ 7: ಬರೆದು ಮುಗಿಸಿ

ಈ ವಯಸ್ಸಿನವರಿಗೆ 40ರಿಂದ 50 ಸಾವಿರ ಪದ ಸಾಕು. ದಿನಕ್ಕೆ 500 ಪದ ಬರೆದರೆ 45 ಸಾವಿರಕ್ಕೆ 90 ದಿನ. ಮೊದಲ ಕರಡಿನಲ್ಲಿ ತಿದ್ದುತ್ತಾ ಕೂರಬೇಡಿ. ಟೈಪ್ ಮಾಡುವಾಗ ಯುನಿಕೋಡ್ ಬಳಸಿ, ಹಳೆಯ ಫಾಂಟಿನಲ್ಲಿ ಮಾಡಿದರೆ ಬೇರೆ ಕಂಪ್ಯೂಟರಿನಲ್ಲಿ ಅಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ. ಫೋನಿಗೆ ಹೇಳಿ ಬರೆಸುವುದು ನಿರೂಪಣೆಗೆ ನಡೆಯುತ್ತದೆ. 'ನೋಡೂಣು' ಅಂದರೆ ಮಾತ್ರ ಅದು ತನಗೆ ತೋಚಿದ್ದು ಬರೆಯುತ್ತದೆ.

ಹೆಜ್ಜೆ 8: ಮಕ್ಕಳ ಕೈಗೆ ಕೊಡಿ

ಸಾಹಿತಿ ಗೆಳೆಯರಿಗೆ ಕೊಡುವ ಮೊದಲು ಎಂಟು, ಒಂಬತ್ತು, ಹತ್ತನೇ ಕ್ಲಾಸಿನವರಿಗೆ ಕೊಡಿ. "ಹೇಗಿದೆ?" ಅಂತ ಕೇಳಿದರೆ "ಚಲೋ ಐತ್ರಿ" ಅಂದು ಓಡಿಹೋಗುತ್ತಾರೆ. ಬೇರೆ ಥರ ಕೇಳಿ. ಎಲ್ಲಿ ಓದುವುದನ್ನು ನಿಲ್ಲಿಸಿದಿರಿ? ನಾಲ್ಕನೇ ಸಲ ನೀವಾಗಿದ್ದರೆ ಗೋಡೆಗೆ ಏನು ಹೇಳುತ್ತಿದ್ದಿರಿ? ಈರ್ಯಾನನ್ನು ಕ್ಷಮಿಸುತ್ತೀರಾ? ಕೊನೆಯ ಪ್ರಶ್ನೆಗೆ ಕ್ಲಾಸು ಎರಡು ಪಾಲಾಗಿ ಜಗಳಕ್ಕೆ ನಿಂತರೆ ಕಾದಂಬರಿ ಸರಿಯಾಗಿದೆ. ಎಲ್ಲರೂ ಒಂದೇ ಉತ್ತರ ಕೊಟ್ಟರೆ ಹೆಜ್ಜೆ 3ಕ್ಕೆ ವಾಪಸ್ ಹೋಗಿ.

ಹೆಜ್ಜೆ 9: ಪ್ರಕಟಣೆ

ಪ್ರಕಾಶಕರಿಗೆ ಇಡೀ ಕಟ್ಟು ಕಳಿಸುವ ಮೊದಲು ಒಂದು ಪುಟದ ಸಾರಾಂಶ ಮತ್ತು ಮೊದಲ ಮೂರು ಅಧ್ಯಾಯ ಕಳಿಸಿ. ಸಾರಾಂಶದಲ್ಲಿ ಕೊನೆಯನ್ನು ಮುಚ್ಚಿಡಬೇಡಿ, ಅವರು ಓದುಗರಲ್ಲ, ದುಡ್ಡು ಹಾಕುವವರು. ಇದು ನಿಮ್ಮ ಮೊದಲ ಪುಸ್ತಕವಾದರೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಯೋಜನೆಯ ಪ್ರಕಟಣೆ ಬಂದಾಗ ಅರ್ಜಿ ಹಾಕಿ. ಮಕ್ಕಳ ಪುಸ್ತಕದ ವಿಚಾರಕ್ಕೆ ಧಾರವಾಡದಲ್ಲೇ ಕರ್ನಾಟಕ ಬಾಲವಿಕಾಸ ಅಕಾಡೆಮಿ ಇದೆ. ಸ್ವಂತವಾಗಿ ಅಚ್ಚು ಹಾಕಿಸುವುದಾದರೆ, ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಗೆ ನಮ್ಮ ದೇಶದಲ್ಲಿ ಶುಲ್ಕವಿಲ್ಲ, ದುಡ್ಡು ಕೇಳುವ ಮಧ್ಯವರ್ತಿಗಳನ್ನು ದೂರವಿಡಿ. ಬರೆದ ಕ್ಷಣದಿಂದಲೇ ಕೃತಿಯ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಲೇಖಕರ ಕಾಲಾನಂತರ 60 ವರ್ಷ ಆ ಹಕ್ಕು ಮನೆಯವರಿಗೆ ಉಳಿಯುತ್ತದೆ. ಹಾಗಾಗಿ ಒಪ್ಪಂದದಲ್ಲಿ 'ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ' ಅನ್ನುವ ಸಾಲು ಕಂಡರೆ ಸಹಿ ಹಾಕುವ ಮೊದಲು ಅದನ್ನು ತೆಗೆಸಿ. ಆಡಿಯೊ ಪುಸ್ತಕದ ಹಕ್ಕನ್ನು ಬೇರೆಯಾಗಿಯೇ ಮಾತಾಡಿ. ಪಿಸುಮಾತಿನ ಕಥೆ, ಕೇಳುವವರು ಜಾಸ್ತಿ ಇರುತ್ತಾರೆ.